ಕೀಮೋ ಮಧ್ಯೆ ಶುಗರ್ ಬಂತು, ಅಮ್ಮನ ಡೆಕ್ಸಾ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ದಾವಣಗೆರೆ ಹತ್ತಿರದ ಹಳ್ಳಿ ನಮ್ಮದು. ಅಮ್ಮನಿಗೆ 56 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಯ್ತು, ಕಂಕುಳ ಗಡ್ಡೆಗಳನ್ನೂ ತೆಗೆದಿದ್ದಾರೆ. ಎಸಿ ಅನ್ನೋ ಎರಡು ಔಷಧಿಯ ಕೀಮೋ ನಾಲ್ಕು ಸಲ ಮುಗಿದು ಈಗ 21 ದಿನಕ್ಕೊಮ್ಮೆ ಡೋಸಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಹಾಕ್ತಿದ್ದಾರೆ. ಈ ತಿಂಗಳ 4ಕ್ಕೆ ಎರಡನೇ ಡೋಸ್‌ಗೆ ಹೋದಾಗ ಶುಗರ್ 386 ಬಂತು. ಅಲ್ಲೇ ಇನ್ಸುಲಿನ್ ಕೊಟ್ಟು ಸಂಜೆ ಕೀಮೋ ಹಾಕಿದರು. ಊರಿಗೆ ಬಂದ ಮೇಲೆ ಇಲ್ಲಿನ ಡಾಕ್ಟರು ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಬರೆದುಕೊಟ್ಟರು, ಎರಡು ಹೊತ್ತು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 7.9 ಇದೆ. ಎಸಿ ನಡೆಯುವಾಗ ಒಂದು ಬಾಟಲಿ ರಕ್ತ ಹಾಕಿಸಿದ್ದೆವು. ಎರಡು ವರ್ಷದ ಹಿಂದೆ ಫಾಸ್ಟಿಂಗ್ 118 ಬಂದು ‘ಬಾರ್ಡರ್’ ಅಂದಿದ್ದರು. 12ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅಮ್ಮ ಬೆವರಿ ಒದ್ದೆಯಾಗಿ ಏನೇನೋ ಮಾತಾಡಿದರು, ಮೀಟರ್‌ನಲ್ಲಿ 58 ಇತ್ತು, ಸಕ್ಕರೆ ನೀರು ಕುಡಿಸಿದ ಮೇಲೆ ಸರಿಯಾದರು. ಬಾಯಲ್ಲಿ ಹುಣ್ಣು, ಊಟ ಸೇರ್ತಿಲ್ಲ. ಕೀಮೋ ಡಾಕ್ಟರನ್ನು ಕೇಳಿದರೆ ಶುಗರ್ ಡಾಕ್ಟರನ್ನು ಕೇಳಿ ಅಂತಾರೆ, ಅವರು ಇವರನ್ನು ಕೇಳಿ ಅಂತಾರೆ. ಶುಗರ್ ಬಂದಿದ್ದು ಕೀಮೋ ಜೊತೆ ಕೊಡೋ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಮಾತ್ರೆಯಿಂದ ಅಂತ ಗೊತ್ತಾಯ್ತು, ಅದನ್ನು ಬಿಡಬಹುದಾ? ಇನ್ಸುಲಿನ್ ಶುರು ಮಾಡಿದರೆ ಜೀವನಪೂರ್ತಿ ಅಲ್ವಾ? ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ ಅಂತ ಅಮ್ಮ ಅನ್ನ ಬಿಟ್ಟು ಬರೀ ಮುದ್ದೆ ತಿಂತಿದ್ದಾರೆ, ಐದು ಕೆಜಿ ಇಳಿದಿದ್ದಾರೆ. 25ಕ್ಕೆ ಮೂರನೇ ಕೀಮೋ. ಮುಂದಿನ ತಿಂಗಳು 10ಕ್ಕೆ ತಮ್ಮನ ನಿಶ್ಚಿತಾರ್ಥ, ಅಮ್ಮ ಹೋಳಿಗೆ ತಿನ್ನಬಹುದಾ?

ಉತ್ತರ: ನೀವು 386ಕ್ಕೆ ಹೆದರಿದ್ದೀರಿ. ನಾನು ಹೆದರಿದ್ದು 58ಕ್ಕೆ. ಅದರಿಂದಲೇ ಶುರು ಮಾಡೋಣ, ಯಾಕಂದರೆ ಅದು ಇವತ್ತು ರಾತ್ರಿಯೂ ಆಗಬಹುದು.

ಗ್ಲಿಮಿಪಿರೈಡ್ ಅನ್ನೋ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಗೆ ಬರೋ ಹಾಗೆ ಮಾಡುತ್ತೆ. ಊಟ ಮಾಡಿದ್ದೀರೋ ಇಲ್ಲವೋ ಅಂತ ಅದು ನೋಡೋದಿಲ್ಲ. 12ನೇ ತಾರೀಖು ಅಂದರೆ ಕೀಮೋ ಆದ ಒಂಬತ್ತನೇ ದಿನ. ಅಷ್ಟೊತ್ತಿಗೆ ಡೆಕ್ಸಾ ಪ್ರಭಾವ ಪೂರ್ತಿ ಇಳಿದಿರುತ್ತೆ, ಬಾಯಿಹುಣ್ಣಿನಿಂದ ಊಟ ಅರ್ಧ ಆಗಿರುತ್ತೆ, ಆದರೆ ಮಾತ್ರೆ ಮಾತ್ರ 386 ಇದ್ದ ದಿನದ ಲೆಕ್ಕದಲ್ಲೇ ಎರಡು ಹೊತ್ತು ಹೊಟ್ಟೆಗೆ ಹೋಗ್ತಾ ಇದೆ. 58 ಬರದೆ ಇನ್ನೇನು ಬರುತ್ತೆ? ಇದನ್ನು ಓದಿದ ಕೂಡಲೇ ಆ ಮಾತ್ರೆ ಬರೆದ ಡಾಕ್ಟರಿಗೆ ಫೋನ್ ಮಾಡಿ, ‘58 ಆಗಿತ್ತು, ಊಟ ಮಾಡ್ತಿಲ್ಲ’ ಅಂತ ಈ ಎರಡು ಮಾತು ಹೇಳಿ. ಅವರು ಸಿಗುವ ತನಕ ಅಮ್ಮ ಸರಿಯಾಗಿ ಊಟ ಮಾಡದ ಹೊತ್ತಿನಲ್ಲಿ ಗ್ಲಿಮಿಪಿರೈಡ್ ಕೊಡಬೇಡಿ. ಅದು ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಕೊಂಡೂ ಬರುತ್ತೆ, ಸ್ಟ್ರಿಪ್ ಹಿಂದೆ ಎರಡು ಹೆಸರಿದೆಯಾ ನೋಡಿ. ಹಾಗಿದ್ದರೆ ಆ ಮಾತ್ರೆಯನ್ನೇ ತಡೆಹಿಡಿಯಬೇಕಾಗುತ್ತೆ.

ನೀವು ಸಕ್ಕರೆ ನೀರು ಕೊಟ್ಟಿದ್ದು ಸರಿ. 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಸುಮ್ನೆ ಮಲಗಿಸಬೇಡಿ, ಒಂದು ಲೋಟ ಹಾಲೋ ಎರಡು ಇಡ್ಲಿಯೋ ಏನಾದರೂ ತಿನ್ನಿಸಿ. ಈ ಮಾತ್ರೆಯ ಕೆಲಸ ಇಡೀ ದಿನ ನಡೆಯೋದರಿಂದ ಒಮ್ಮೆ ಏರಿದ ಶುಗರ್ ಎರಡು ಮೂರು ಗಂಟೆ ಬಿಟ್ಟು ಮತ್ತೆ ಜಾರಬಹುದು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಡಬ್ಬಿ ಅಡುಗೆಮನೆಯಲ್ಲಿ ಬೇಡ, ಅಮ್ಮ ಮಲಗೋ ಜಾಗದಲ್ಲಿ ಇರಲಿ.

ಈಗ 386ಕ್ಕೆ ಬರೋಣ. ಡೋಸಿಟ್ಯಾಕ್ಸೆಲ್‌ಗೆ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ 8 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಮೂರು ದಿನ ಕೊಡ್ತಾರೆ. ಹಿಂದಿನ ದಿನ, ಕೀಮೋ ದಿನ, ಮಾರನೇ ದಿನ. ನಿಮ್ಮ ಅಮ್ಮನ ಲೆಕ್ಕದಲ್ಲಿ 3, 4, 5. ದಿನಕ್ಕೆ 16 ಮಿಲಿಗ್ರಾಂ ಅಂದರೆ ನಮ್ಮ ದೇಹ ಒಂದು ದಿನದಲ್ಲಿ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್‌ನ ಸುಮಾರು ಇಪ್ಪತ್ತು ಪಟ್ಟು ಬಲ. ಮಾತ್ರೆ ನೋಡೋಕೆ ಕಡ್ಲೆಬೇಳೆ ಅಷ್ಟಿರುತ್ತೆ, ಕೆಲಸ ಮಾತ್ರ ದೊಡ್ಡದು. ಇದು ಯಕೃತ್ತಿಗೆ ‘ಸಕ್ಕರೆ ಮಾಡು, ಸಕ್ಕರೆ ಮಾಡು’ ಅಂತ ಹೇಳುತ್ತೆ, ಇನ್ನೊಂದು ಕಡೆ ಇನ್ಸುಲಿನ್ ಮಾತನ್ನು ಸ್ನಾಯುಗಳು ಕೇಳದ ಹಾಗೆ ಮಾಡುತ್ತೆ. ಮೊದಲೇ 118 ಇದ್ದವರು ನಿಮ್ಮ ಅಮ್ಮ. 100ರಿಂದ 125ರ ತನಕದ ಫಾಸ್ಟಿಂಗ್ ಸಕ್ಕರೆ ಕಾಯಿಲೆಯ ಹೊಸ್ತಿಲು. ಹೊಸ್ತಿಲಲ್ಲಿ ನಿಂತಿದ್ದವರನ್ನು ಡೆಕ್ಸಾ ಒಳಗೆ ತಳ್ಳಿದೆ, ಅಷ್ಟೇ. ಎಸಿ ಕೊಡುವಾಗಲೂ ವಾಂತಿ ಆಗದಿರಲಿ ಅಂತ ಇದೇ ಡೆಕ್ಸಾ ಹೋಗಿರುತ್ತೆ. ಅಂದರೆ ತಳ್ಳಾಟ ಕೆಲವು ತಿಂಗಳಿಂದ ನಡೀತಾ ಇತ್ತು, ಯಾರೂ ನೋಡಿರಲಿಲ್ಲ.

ಹಾಗಾದರೆ ಡೆಕ್ಸಾ ಬಿಡಬಹುದಾ? ದಯವಿಟ್ಟು ಬೇಡ. ಡೋಸಿಟ್ಯಾಕ್ಸೆಲ್ ಹಾಕುವಾಗ ಕೆಲವರಿಗೆ ಮೈಯೆಲ್ಲ ಕೆಂಪಾಗಿ, ಉಸಿರು ಕಟ್ಟಿ, ಬಿಪಿ ಬಿದ್ದುಹೋಗೋ ಅಲರ್ಜಿ ಆಗುತ್ತೆ. ಇನ್ನು ಕೆಲವರಿಗೆ ವಾರಗಳು ಕಳೆದಂತೆ ಕಾಲು, ಹೊಟ್ಟೆ, ಶ್ವಾಸಕೋಶದ ಸುತ್ತ ನೀರು ತುಂಬುತ್ತೆ. ಇವೆರಡಕ್ಕೂ ಡೆಕ್ಸಾನೇ ಬೇಲಿ. ಒಬ್ಬರು ಶುಗರ್ ಏರುತ್ತೆ ಅಂತ ಹಿಂದಿನ ದಿನದ ಮಾತ್ರೆ ನುಂಗದೆ, ‘ನುಂಗಿದೆ’ ಅಂತ ನರ್ಸ್‌ಗೆ ಸುಳ್ಳು ಹೇಳಿ ಕುರ್ಚಿಯಲ್ಲಿ ಕೂತಿದ್ದರು. ಡ್ರಿಪ್ ಶುರುವಾದ ಕೆಲವೇ ನಿಮಿಷಕ್ಕೆ ಅವರನ್ನು ಐಸಿಯುಗೆ ಓಡಿಸಬೇಕಾಯ್ತು. ಶುಗರ್ 300 ಆದರೆ ಇಳಿಸೋಕೆ ನಮ್ಮ ಹತ್ತಿರ ಇನ್ಸುಲಿನ್ ಇದೆ. ಪ್ರಮಾಣ ಕಡಿಮೆ ಮಾಡಬಹುದಾ ಅಂತ ಕೀಮೋ ಡಾಕ್ಟರನ್ನು ಕೇಳೋದರಲ್ಲಿ ತಪ್ಪಿಲ್ಲ, ಕೆಲವು ಸಲ ಅವರೇ ಇಳಿಸ್ತಾರೆ. ಆದರೆ ಮನೆಯಲ್ಲಿ ಕೂತು ನೀವೇ ಇಳಿಸೋದು ಬೇಡ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಮಾಡ್ತಿದ್ದ ತಪ್ಪು ಒಂದಿದೆ. ಎಲ್ಲ ಶುಗರ್ ರೋಗಿಗಳ ಹಾಗೆ ಕೀಮೋ ರೋಗಿಗೂ ಒಂದೇ ಚೀಟಿ ಬರೆದು, ದಿನಾ ಹೀಗೇ ತಗೊಳ್ಳಿ ಅಂತ ಕಳಿಸ್ತಿದ್ದೆ. ಕೀಮೋ ಶುಗರ್‌ಗೆ ಆ ಲೆಕ್ಕ ನಡೆಯೋದಿಲ್ಲ. ಅದಕ್ಕೆ ಅದರದೇ ಕ್ಯಾಲೆಂಡರ್ ಇದೆ. ಹಿಂದಿನ ದಿನದಿಂದ ನಾಲ್ಕನೇ ದಿನದ ತನಕ ಏರು, ಅದರಲ್ಲೂ ಮಧ್ಯಾಹ್ನ ಊಟದ ಮೇಲೆ ಮತ್ತು ರಾತ್ರಿ. ಐದು ಆರರ ಹೊತ್ತಿಗೆ ಇಳಿಮುಖ. ಏಳರಿಂದ ಹತ್ತು ಹನ್ನೊಂದರ ತನಕ ಬಾಯಿಹುಣ್ಣು, ಸುಸ್ತು, ಊಟ ಕಡಿಮೆ, ಹಾಗಾಗಿ ಶುಗರ್ ಕೆಳಗೆ ಬೀಳೋ ಭಯ. ಆಮೇಲೆ ಹತ್ತು ದಿನ ಹೆಚ್ಚು ಕಡಿಮೆ ಸಮ. ಅಷ್ಟರಲ್ಲಿ ಮತ್ತೆ ಡೆಕ್ಸಾ. ಹೀಗಿರುವಾಗ ಮೂರೂ ವಾರಕ್ಕೆ ಒಂದೇ ಡೋಸ್ ಅನ್ನೋದು ಚಳಿಗಾಲಕ್ಕೂ ಬೇಸಿಗೆಗೂ ಒಂದೇ ಕಂಬಳಿ ಹೊದಿಸಿದ ಹಾಗೆ.

ನಿಮ್ಮ ಡಾಕ್ಟರಿಂದ ನೀವು ಬರೆಸಿಕೊಳ್ಳಬೇಕಾದ್ದು ಎರಡು ಚೀಟಿ. ಒಂದು ಡೆಕ್ಸಾ ದಿನಗಳದ್ದು, ಇನ್ನೊಂದು ಉಳಿದ ದಿನಗಳದ್ದು. ಜೊತೆಗೆ ಕೊನೆಯಲ್ಲಿ ಒಂದು ಸಾಲು: ಊಟ ಮಾಡದಿದ್ದರೆ ಏನು ನಿಲ್ಲಿಸಬೇಕು. ಈ ಕೊನೇ ಸಾಲು ಬರೆಸಿಕೊಳ್ಳದೆ ಕ್ಲಿನಿಕ್‌ನಿಂದ ಏಳಬೇಡಿ.

ಡೆಕ್ಸಾ ದಿನಗಳಿಗೆ ನಾನಾದರೆ ಬಹುತೇಕ ಇನ್ಸುಲಿನ್ ಬರೀತೀನಿ. ಜನ ಇದಕ್ಕೆ ಯಾಕೆ ಹೆದರ್ತಾರೆ ಅಂತ ಗೊತ್ತು. ಅಜ್ಜನಿಗೆ ಇನ್ಸುಲಿನ್ ಶುರು ಮಾಡಿದರು, ಆಮೇಲೆ ಕಾಲು ತೆಗೆದರು, ಆಮೇಲೆ ಹೋಗೇಬಿಟ್ಟರು ಅನ್ನೋ ಕಥೆ ಪ್ರತಿ ಮನೆಯಲ್ಲೂ ಇದೆ. ಆ ಅಜ್ಜನಿಗೆ ಇನ್ಸುಲಿನ್ ತಡವಾಗಿ ಕೊಟ್ಟಿರ್ತಾರೆ, ಹೆಸರು ಕೆಟ್ಟಿದ್ದು ಇನ್ಸುಲಿನ್‌ಗೆ. ನಿಮ್ಮ ಅಮ್ಮನಿಗೆ ಮೂರು ನಾಲ್ಕು ದಿನ ಬೇಕಾಗಬಹುದು, ಡೆಕ್ಸಾ ಇಳಿದ ಹಾಗೆ ಇನ್ಸುಲಿನ್ನೂ ಇಳಿಸಿ ನಿಲ್ಲಿಸ್ತೀವಿ, ಮುಂದಿನ ಸಲ ಮತ್ತೆ. ಜೀವನಪೂರ್ತಿ ಅಂತ ಎಲ್ಲೂ ಬರೆದಿಲ್ಲ. ಏರಿಸಿದಷ್ಟೇ ಜಾಗ್ರತೆಯಾಗಿ ಇಳಿಸಬೇಕು ಅನ್ನೋದು ಮಾತ್ರ ನೆನಪಿರಲಿ, ಡೆಕ್ಸಾ ನಿಂತ ಮೇಲೂ ಅದೇ ಡೋಸ್ ಚುಚ್ಚಿಕೊಂಡು ಹೋದರೆ ಮತ್ತೆ ಬೆಳಗಿನ ಜಾವದ 58 ಗ್ಯಾರಂಟಿ.

ಇನ್ಸುಲಿನ್ ಬರೆದರೆ ಅಂಗಡಿಯಲ್ಲಿ ಒಂದು ವಿಷಯ ಕಣ್ಣಿಟ್ಟು ನೋಡಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ 40 ಯೂನಿಟ್‌ನದು, ಅಂದರೆ ಒಂದು ಎಂಎಲ್‌ಗೆ 40. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಅದಲು ಬದಲಾದರೆ ಎರಡೂವರೆ ಪಟ್ಟು ಜಾಸ್ತಿಯೋ ಕಡಿಮೆಯೋ ಹೋಗುತ್ತೆ. ಕೆಂಪು ಮುಚ್ಚಳದ್ದು ಖಾಲಿ ಆಗಿದೆ, ಇದೂ ಅದೇ, ತಗೊಂಡು ಹೋಗಿ ಅಂತ ಅಂಗಡಿ ಹುಡುಗ ಕಿತ್ತಳೆಯದು ಕೊಟ್ಟು, ನನ್ನ ರೋಗಿಯೊಬ್ಬರು 12 ಯೂನಿಟ್ ಅಂತ ತಿಳಿದು ಐದಕ್ಕೂ ಕಡಿಮೆ ಚುಚ್ಚಿಕೊಂಡು, ಒಂದು ವಾರ ಶುಗರ್ ಯಾಕೆ ಇಳೀತಿಲ್ಲ ಅಂತ ನನಗೂ ತಲೆಕೆಡಿಸಿದ್ದರು. ಹಾಲಿನ ಹಾಗೆ ಬೆಳ್ಳಗಿರೋ ಇನ್ಸುಲಿನ್ ಆದರೆ ಕುಲುಕಬೇಡಿ, ಅಂಗೈ ಮಧ್ಯೆ ಇಟ್ಟು ನಿಧಾನ ಉರುಳಿಸಿ. ಚುಚ್ಚೋದು ಹೊಟ್ಟೆಗೆ. ಫ್ರಿಜ್ ಬಾಗಿಲಲ್ಲಿ ಇಡಿ, ಫ್ರೀಜರ್‌ನಲ್ಲಿ ಬೇಡ. ಕರೆಂಟ್ ಕೈಕೊಡೋ ಊರಾದರೆ ತೆರೆದ ಸೀಸೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಒದ್ದೆ ಮಣ್ಣಿನ ಮಡಕೆಯಲ್ಲಿ ಇಟ್ಟರೂ ಆಗುತ್ತೆ. ಶುರು ಮಾಡಿ 28 ದಿನ ಆದ ಮೇಲೆ ಉಳಿದಿದ್ದರೂ ಎಸೆಯಬೇಕು, ಹೊಟ್ಟೆ ಉರಿದರೂ ಸರಿ.

ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ತಾನಾಗಿ ಶುಗರನ್ನು ಕೆಳಗೆ ಬೀಳಿಸೋದಿಲ್ಲ. ಆದರೆ ಅದೇ ವಾಕರಿಕೆ, ಭೇದಿ ಮಾಡುತ್ತೆ. ಕೀಮೋನೂ ಅದನ್ನೇ ಮಾಡುತ್ತೆ, ಎರಡೂ ಸೇರಿದರೆ ಯಾವುದರಿಂದ ಯಾವುದು ಅಂತ ಗೊತ್ತಾಗಲ್ಲ. ವಾಂತಿ ಭೇದಿ ಜೋರಾಗಿ ನೀರಿನಂಶ ಹೋದ ದಿನ ಅದನ್ನು ನಿಲ್ಲಿಸಿ ಫೋನ್ ಮಾಡಿ. ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡೋದಿದ್ದರೆ ಮೊದಲೇ ಹೇಳಿ, ಕಿಡ್ನಿ ರಿಪೋರ್ಟ್ ನೋಡಿ ನಿಲ್ಲಿಸಬೇಕಾ ಬೇಡವಾ ಅಂತ ನಿರ್ಧರಿಸ್ತಾರೆ. ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡೋ ಪೆಟ್ ಸ್ಕ್ಯಾನ್ ಬರೆದರೆ ಇನ್ನೊಂದು ತಾಪತ್ರಯ. ಅದರಲ್ಲಿ ಹಾಕೋದೇ ಸಕ್ಕರೆಯಂಥ ಔಷಧಿ, ರಕ್ತದಲ್ಲಿ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ವಾಪಸ್ ಕಳಿಸ್ತಾರೆ. ದೂರದ ಊರಿಂದ ಬೆಳಗ್ಗೆ ನಾಲ್ಕಕ್ಕೆ ಬಸ್ ಹತ್ತಿ ಬಂದವರು ಹಾಗೆ ವಾಪಸ್ ಹೋಗೋದು ನೋಡಿದ್ದೇನೆ. ಡೆಕ್ಸಾ ದಿನಗಳ ಹತ್ತಿರ ಆ ಡೇಟ್ ತಗೊಳ್ಳಬೇಡಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮೂತ್ರದಲ್ಲಿ ಸಕ್ಕರೆ ಹೊರಹಾಕೋ ಮಾತ್ರೆಗಳಿವೆ, ಈಗ ಎಲ್ಲರೂ ಬರೀತಾರೆ. ಹೃದಯಕ್ಕೆ ಕಿಡ್ನಿಗೆ ಒಳ್ಳೆಯವೇ. ಕೀಮೋ ನಡೆಯುವಾಗ ಮಾತ್ರ ನನಗೆ ಅವು ಇಷ್ಟ ಇಲ್ಲ. ಊಟ ಬಿಟ್ಟಾಗ ಶುಗರ್ 180 ತೋರಿಸ್ತಾ ಇರುವಾಗಲೇ ರಕ್ತ ಆಮ್ಲ ಆಗಿಬಿಡಬಹುದು. ಮೂತ್ರದ ಜಾಗದಲ್ಲಿ ಫಂಗಸ್ ಕೂಡ ಬರುತ್ತೆ, ಕೀಮೋದಿಂದ ಸೋಂಕು ತಡೆಯೋ ಬಿಳಿ ರಕ್ತಕಣ ಕಡಿಮೆ ಇರುವಾಗ ಅದೊಂದು ಬೇಕಾ?

ಎಚ್‌ಬಿಎ1ಸಿ 7.9 ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಎರಡು ಮೂರು ತಿಂಗಳ ಸರಾಸರಿಯಾಗಿ ತೋರಿಸೋ ಲೆಕ್ಕ. ಅಮ್ಮನ ಮೈಯಲ್ಲಿ ಈಗ ಬೇರೆಯವರ ರಕ್ತವೂ ಇದೆ, ಕೀಮೋದಿಂದ ಕಣಗಳ ಹುಟ್ಟು ಸಾವೂ ಏರುಪೇರಾಗಿದೆ. ಕಬ್ಬಿಣದಂಶ ಕಡಿಮೆ ಇದ್ದರೆ ಅದು ಸುಳ್ಳೇ ಜಾಸ್ತಿ ತೋರಿಸುತ್ತೆ, ರಕ್ತ ಹಾಕಿಸಿದ ಮೇಲೆ ಕಡಿಮೆಯೂ ತೋರಿಸಬಹುದು. ಈಗ ನಂಬಬೇಕಾದ್ದು ಮನೆಯ ಮೀಟರನ್ನ.

ಮೀಟರನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಒಬ್ಬ ಹಿರಿಯರು 412 ಅಂತ ಗಾಬರಿಯಿಂದ ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. ಏನು ತಿಂದಿರಿ ಅಂದೆ. ಏನೂ ಇಲ್ಲ, ಮೊಮ್ಮಗಳಿಗೆ ಸಪೋಟ ಸುಲಿದು ಕೊಟ್ಟೆ ಅಂದರು. ಸೋಪು ಹಾಕಿ ಕೈ ತೊಳೆದು ಒರೆಸಿ ಮತ್ತೆ ನೋಡಿ ಅಂದೆ. 168! ಬೆರಳಲ್ಲಿದ್ದ ಸಪೋಟದ ಶುಗರ್ ಅದು. ನಿಮ್ಮ ಅಮ್ಮನಿಗೆ ಎಡಗಡೆ ಕಂಕುಳ ಗಡ್ಡೆ ತೆಗೆದಿರೋದರಿಂದ ಚುಚ್ಚೋದು ಬಲಗೈ ಬೆರಳಿಗೇ ಇರಲಿ, ಬೆರಳ ತುದಿಗೆ ಬೇಡ, ಪಕ್ಕಕ್ಕೆ. ಎಡಗೈಗೆ ಸಣ್ಣ ಗಾಯವಾದರೂ ಸೋಂಕಾಗಿ ಕೈ ಊದಿಕೊಳ್ಳೋ ಸಾಧ್ಯತೆ ಇದೆ. ಹಾಗೇ, ಶಕ್ತಿ ಬರುತ್ತೆ ಅಂತ ಯಾರಾದರೂ ವಿಟಮಿನ್ ಸಿ ಡ್ರಿಪ್ ಹಾಕಿಸಿದರೆ ಕೆಲವು ಮೀಟರ್‌ಗಳು ಇಲ್ಲದ ಸಕ್ಕರೆಯನ್ನು ತೋರಿಸ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಅನಾಹುತ.

ದಿನಾ ನಾಲ್ಕು ಸಲ ಚುಚ್ಚಬೇಕಾ ಅಂತ ಕೇಳಬೇಡಿ, ಸ್ಟ್ರಿಪ್ ದುಡ್ಡಿನ ಕಷ್ಟ ಗೊತ್ತು. ಡೆಕ್ಸಾ ದಿನದಿಂದ ನಾಲ್ಕನೇ ದಿನದ ತನಕ ಮೂರು ನಾಲ್ಕು ಸಲ ನೋಡಿ. ಬೆಳಗ್ಗೆ ಮಾತ್ರ ನೋಡಿ ಚೆನ್ನಾಗಿದೆ ಅಂದುಕೊಳ್ಳಬೇಡಿ, ಡೆಕ್ಸಾ ಆಟ ಜೋರಾಗೋದು ಮಧ್ಯಾಹ್ನದ ಮೇಲೆ. ಆಮೇಲೆ ದಿನಕ್ಕೆ ಎರಡು ಸಾಕು, ಊಟ ಕಡಿಮೆಯಾದ ದಿನ ಮಲಗೋ ಮುಂಚೆ ಒಂದು. ಈ ದಿನಗಳಲ್ಲಿ 100ರಿಂದ 180ರ ಒಳಗೆ ಇದ್ದರೆ ಚೆನ್ನ, ಡೆಕ್ಸಾ ದಿನಗಳಲ್ಲಿ 250ರ ಒಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಬೇರೆ ಶುಗರ್ ರೋಗಿಗಳ ಹಾಗೆ 110, 120 ಅಂತ ಹಠ ಹಿಡಿಯೋದು ಈಗ ಬೇಡ. ಎರಡು ಸಲ ನೋಡಿದರೂ 300 ದಾಟಿದರೆ ಅದೇ ದಿನ ಫೋನ್ ಮಾಡಿ. 400 ದಾಟಿದರೆ, ಅಥವಾ ಎಷ್ಟೇ ಇದ್ದರೂ ವಾಂತಿ, ಮಂಪರು, ಏದುಸಿರು ಜೊತೆಗಿದ್ದರೆ ಫೋನ್ ಬಿಟ್ಟು ಆಸ್ಪತ್ರೆಗೆ ಹೊರಡಿ.

ಜ್ವರದ ವಿಷಯ ಬೇರೆಯಾಗಿ ಹೇಳಬೇಕು. ಶುಗರ್ ಬೀಳೋ ಅದೇ ಏಳರಿಂದ ಹನ್ನೊಂದನೇ ದಿನದ ಹೊತ್ತಿಗೆ ಬಿಳಿ ರಕ್ತಕಣಗಳೂ ತಳ ಮುಟ್ಟುತ್ತವೆ. ಆಗ 100.4 ಜ್ವರ ಬಂದರೆ ಮನೆಯಲ್ಲಿ ಜ್ವರದ ಮಾತ್ರೆ ನುಂಗಿಸಿ ಬೆಳಗ್ಗೆ ನೋಡೋಣ ಅನ್ನಬಾರದು, ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಬೇಕು. ಶುಗರ್ ಜಾಸ್ತಿ ಇದ್ದವರಿಗೆ ಸೋಂಕು ಬೇಗ ಹತ್ತುತ್ತೆ, ಬೇಗ ಬಲಿಯುತ್ತೆ. ಒಂದು ಸುಳಿವು ಹೇಳ್ತೀನಿ. ಹತ್ತನೇ ದಿನ, ಡೆಕ್ಸಾ ಇಲ್ಲ, ಊಟವೂ ಹೆಚ್ಚಿಲ್ಲ, ಆದರೂ ಶುಗರ್ ಇದ್ದಕ್ಕಿದ್ದ ಹಾಗೆ 280 ಅಂತ ಏರಿದರೆ ಒಳಗೆ ಎಲ್ಲೋ ಸೋಂಕು ಶುರುವಾಗಿದೆಯಾ ಅಂತ ಅನುಮಾನ ಪಡಬೇಕು. ಜ್ವರ ಆಮೇಲೆ ಬರಬಹುದು.

ಕಾಲು. ಡೋಸಿಟ್ಯಾಕ್ಸೆಲ್ ನರಗಳನ್ನು ಜೋಮು ಹಿಡಿಸುತ್ತೆ, ಉಗುರನ್ನೂ ಹಾಳು ಮಾಡುತ್ತೆ. ಶುಗರ್ ಕೂಡ ನರಕ್ಕೇ ಕೈ ಹಾಕುತ್ತೆ. ಹಳ್ಳಿಮನೆ ಅಂದಿರಿ, ಅಮ್ಮ ಅಂಗಳದಲ್ಲಿ, ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ಓಡಾಡ್ತಿದ್ದರೆ ಇವತ್ತೇ ಚಪ್ಪಲಿ ಹಾಕಿಸಿ, ಮನೆಯೊಳಗೂ. ಜೋಮಿಗೆ ಬಿಸಿನೀರಲ್ಲಿ ಕಾಲು ಇಡ್ತಾರೆ, ಬಿಸಿ ಎಷ್ಟಿದೆ ಅಂತ ಗೊತ್ತಾಗದೆ ಬೊಬ್ಬೆ ಬರಿಸಿಕೊಳ್ತಾರೆ. ನೀರಿಗೆ ಮೊದಲು ನಿಮ್ಮ ಕೈ ಹಾಕಿ ನೋಡಿ.

ಊಟಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಜಗಳ ಇದೆ. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ ಅನ್ನೋ ಮಾತಿನ ಬೇರು ಹಳೆಯದು. ಕ್ಯಾನ್ಸರ್ ಕಣಗಳು ಗ್ಲೂಕೋಸನ್ನು ಹೆಚ್ಚು ಎಳೆದುಕೊಳ್ಳುತ್ತವೆ ಅಂತ ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು, ಪೆಟ್ ಸ್ಕ್ಯಾನ್ ನಡೆಯೋದೂ ಅದೇ ಗುಣದ ಮೇಲೆ. ಅಲ್ಲಿಯವರೆಗೆ ನಿಜ. ಆದರೆ ಅಮ್ಮ ಅನ್ನ ಬಿಟ್ಟ ಮಾತ್ರಕ್ಕೆ ಗಡ್ಡೆಗೆ ಉಪವಾಸ ಬೀಳಲ್ಲ. ಏನೂ ತಿನ್ನದಿದ್ದರೂ ಯಕೃತ್ತು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡ್ತಾನೇ ಇರುತ್ತೆ, ಸಾಲದೆ ಬಂದರೆ ಮೈಯ ಮಾಂಸವನ್ನೇ ಕರಗಿಸುತ್ತೆ. ಆ ಐದು ಕೆಜಿಯಲ್ಲಿ ಹೋಗಿರೋದು ಬೊಜ್ಜಿಗಿಂತ ಸ್ನಾಯುವೇ ಇರಬಹುದು. ಶುಗರ್ ಏರದ ಹಾಗೆ ನೋಡಿಕೊಳ್ಳಬೇಕು ಅನ್ನೋದು ಬೇರೆ ಮಾತು, ಅದಕ್ಕಾಗಿ ಉಪವಾಸ ಕೆಡವೋದು ಬೇರೆ ಮಾತು.

ಇನ್ನು ಮುದ್ದೆ. ರಾಗಿಯಲ್ಲಿ ನಾರು, ಸುಣ್ಣದಂಶ ಜಾಸ್ತಿ, ಒಪ್ಪಿದೆ. ಆದರೆ ಅಕ್ಕಿಯಲ್ಲೂ ರಾಗಿಯಲ್ಲೂ ನೂರು ಗ್ರಾಂನಲ್ಲಿ 70 ಗ್ರಾಂ ಆಸುಪಾಸು ಪಿಷ್ಟವೇ ಇರೋದು. ಎರಡು ದೊಡ್ಡ ಮುದ್ದೆ ತಿಳಿಸಾರಲ್ಲಿ ಅದ್ದಿ ನುಂಗಿದರೆ ಶುಗರ್ ಏರೇ ಏರುತ್ತೆ, ನೀರಾಗಿ ಕಾಯಿಸಿದ ಗಂಜಿ ಕುಡಿದರೆ ಇನ್ನೂ ಬೇಗ ಏರುತ್ತೆ. ಬೆಲ್ಲ, ಜೇನುತುಪ್ಪ ಸಕ್ಕರೆಯ ಅಣ್ಣತಮ್ಮಂದಿರು. ಅನ್ನವೋ ಮುದ್ದೆಯೋ ಅನ್ನೋ ಜಗಳ ಬಿಡಿ, ಅದರ ಜೊತೆ ತಟ್ಟೆಯಲ್ಲಿ ಇನ್ನೇನಿದೆ ನೋಡಿ. ಅಮ್ಮನ ತೂಕಕ್ಕೆ ಒಂದು ಕೆಜಿಗೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನ್ ಬೇಕು, 50 ಕೆಜಿ ಇದ್ದರೆ ದಿನಕ್ಕೆ 50ರಿಂದ 75. ಒಂದು ಮೊಟ್ಟೆಯಲ್ಲಿ ಆರು, ದೊಡ್ಡ ಲೋಟ ಹಾಲಲ್ಲಿ ಆರೇಳು. ಬಾಯಿಹುಣ್ಣಿನ ದಿನ ಖಾರ ಹುಳಿ ಬಿಟ್ಟು, ಅನ್ನಕ್ಕಿಂತ ಬೇಳೆ ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿದ ಹೆಸರುಬೇಳೆ ಪೊಂಗಲ್ ಮೇಲೆ ಒಂದು ಚಮಚ ತುಪ್ಪ, ಪೂರ್ತಿ ಬೆಂದ ಮೊಟ್ಟೆಯನ್ನು ಅದರಲ್ಲೇ ಹಿಸುಕಿ ಕೊಡಿ. ಮನೆಯಲ್ಲಿ ಮೊಟ್ಟೆ ಮಾಡಲ್ಲ ಅನ್ನೋದಾದರೆ ಪನೀರ್, ಕಡ್ಲೆಹಿಟ್ಟಿನ ತೆಳು ಜುಣಕ. ಮೂರು ಹೊತ್ತು ತಟ್ಟೆ ತುಂಬಾ ಬಡಿಸೋ ಬದಲು ಆರು ಸಲ ಸ್ವಲ್ಪ ಸ್ವಲ್ಪ. ನೆಂಟರು ನೋಡೋಕೆ ಬರುವಾಗ ತರೋ ಆ ಸಿಹಿ ಪೌಡರ್ ಡಬ್ಬಿಗಳ ಹಿಂದೆ ಸಕ್ಕರೆ ಎಷ್ಟು ಅಂತ ಓದಿ, ಅರ್ಧಕ್ಕರ್ಧ ಡಬ್ಬಿಗಳು ನೆಂಟರ ಮಕ್ಕಳಿಗೇ ಲಾಯಕ್ಕು.

ಹಾಗಲಕಾಯಿ ಪಲ್ಯ ಮಾಡಿ ತಿನ್ನಲಿ, ಬೇಡ ಅನ್ನಲ್ಲ. ಬೆಳಗ್ಗೆ ಎದ್ದು ರಸ ಕುಡಿಯೋದು, ಮಧುನಾಶಿನಿ ಪುಡಿ, ಅಮೃತಬಳ್ಳಿ ಕಷಾಯ ಈಗ ಬೇಡ. ಡೋಸಿಟ್ಯಾಕ್ಸೆಲನ್ನು ಮೈಯಿಂದ ಹೊರಗೆ ಹಾಕೋದು ಯಕೃತ್ತೇ. ಅಮೃತಬಳ್ಳಿ ದಿನಾ ಕುಡಿದು ಯಕೃತ್ತು ಕೆಟ್ಟ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಈಗಾಗಲೇ ಏನಾದರೂ ಕೊಡ್ತಿದ್ದರೆ ಕೀಮೋ ಡಾಕ್ಟರಿಗೆ ಹೇಳಿಬಿಡಿ, ಬೈತಾರೆ, ಬೈಯಲಿ.

ಇಬ್ಬರು ಡಾಕ್ಟರ ಮಧ್ಯೆ ಚೆಂಡಾಟ ಆಗ್ತಿರೋದಕ್ಕೆ ನನಗೆ ಬೇಜಾರಿದೆ, ನಮ್ಮವರ ಪರವಾಗಿ ಕ್ಷಮೆ ಕೇಳ್ತೀನಿ. ಇದಕ್ಕೆ ಔಷಧಿ ಒಂದು ನೂರು ಪುಟದ ನೋಟ್‌ಬುಕ್. ಒಂದೊಂದು ಪುಟಕ್ಕೆ ಒಂದೊಂದು ದಿನ. ಮೇಲೆ ತಾರೀಖಿನ ಜೊತೆ ಕೀಮೋ ಆಗಿ ಎಷ್ಟನೇ ದಿನ ಅಂತ ಬರೀರಿ, ಅದೇ ಮುಖ್ಯ. ಕೆಳಗೆ ಶುಗರ್, ಎಷ್ಟು ಹೊತ್ತಿಗೆ, ಏನು ತಿಂದರು, ಯಾವ ಮಾತ್ರೆ, ಜ್ವರ ಇತ್ತಾ. 25ಕ್ಕೆ ಹೋಗುವಾಗ ಆ ಪುಸ್ತಕವನ್ನು ಕೀಮೋ ಡಾಕ್ಟರ ಮೇಜಿನ ಮೇಲೆ ಬಿಡಿಸಿ ಇಟ್ಟು, ‘ಡೆಕ್ಸಾ ದಿನದ ಶುಗರ್ ಯಾರು ನೋಡ್ತಾರೆ ಸರ್, ರಾತ್ರಿ ಏನಾದರೂ ಆದರೆ ಯಾವ ನಂಬರ್‌ಗೆ ಮಾಡಲಿ?’ ಅಂತ ನೇರ ಕೇಳಿ. ಯಾರಾದರೂ ಒಬ್ಬರು ನಾನು ಅನ್ನಬೇಕು. ಆ ಆಸ್ಪತ್ರೆಯಲ್ಲೇ ಫಿಜಿಶಿಯನ್ ಇದ್ದರೆ ಅವರೇ ನೋಡಿಕೊಳ್ಳೋದು ವಾಸಿ, ಎರಡೂ ಫೈಲ್ ಒಂದೇ ಕಡೆ ಇರುತ್ತೆ. 24ಕ್ಕೆ ಡೆಕ್ಸಾ ಶುರುವಾಗೋದರಿಂದ ಇನ್ಸುಲಿನ್ ಚೀಟಿ ಅದಕ್ಕೂ ಮುಂಚೆ, 22, 23ಕ್ಕೇ ಕೈಯಲ್ಲಿರಲಿ. ಕೀಮೋ ದಿನ ಆಸ್ಪತ್ರೆಗೆ ಹೋಗಿ ಮತ್ತೆ 386 ಅಂತ ಕೂರೋದು ಬೇಡ.

ಮೆಟ್‌ಫಾರ್ಮಿನ್‌ನಂಥ ಮಾತ್ರೆ ತಾಲೂಕು, ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಉಚಿತವಾಗಿ ಸಿಗುತ್ತೆ, ಇನ್ಸುಲಿನ್ ಇದೆಯಾ ಅಂತಲೂ ಅಲ್ಲೇ ಕೇಳಿ. ಇಲ್ಲದಿದ್ದರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ.

ಇದನ್ನು ಓದ್ತಿರೋ ಬೇರೆಯವರಿಗೆ ಎರಡು ಮಾತು. ಪೆಂಬ್ರೋಲಿಜುಮ್ಯಾಬ್, ನಿವೋಲುಮ್ಯಾಬ್ ಅನ್ನೋ ಇಮ್ಯುನೋಥೆರಪಿ ತಗೊಳ್ಳುವವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಜನರಿಗೆ ಇನ್ಸುಲಿನ್ ತಯಾರಿಸೋ ಕಣಗಳೇ ನಾಶವಾಗಿ ದಿಢೀರ್ ಅಂತ ಶುಗರ್ ಬರುತ್ತೆ. ಅದು ಈ ಡೆಕ್ಸಾ ಶುಗರ್ ಥರ ಬಂದು ಹೋಗೋದಲ್ಲ, ಅಲ್ಲಿ ಇನ್ಸುಲಿನ್ ಖಾಯಂ, ಒಂದು ದಿನವೂ ಬಿಡೋ ಹಾಗಿಲ್ಲ. ಇನ್ನೊಂದು, 50 ದಾಟಿದವರಿಗೆ ಸ್ಟೀರಾಯ್ಡ್ ಏನೂ ಇಲ್ಲದೆ ಹೊಸದಾಗಿ ಶುಗರ್ ಬಂದು, ಜೊತೆಗೆ ಕಾರಣವಿಲ್ಲದೆ ತೂಕ ಇಳೀತಾ ಇದ್ದರೆ, ಮೇದೋಜೀರಕ ಗ್ರಂಥಿಯ ಸ್ಕ್ಯಾನ್ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಕೀಮೋ ಎಲ್ಲ ಮುಗಿದ ಮೇಲೆ ಶುಗರ್ ಹೋಗುತ್ತಾ? ಕೆಲವರಿಗೆ ಪೂರ್ತಿ ಹೋಗುತ್ತೆ. ನಿಮ್ಮ ಅಮ್ಮನದು ಮೊದಲೇ 118 ಇದ್ದಿದ್ದರಿಂದ ಒಂದು ಮೆಟ್‌ಫಾರ್ಮಿನ್ ಉಳಿದುಕೊಂಡರೂ ನನಗೆ ಆಶ್ಚರ್ಯ ಆಗಲ್ಲ. ಕೊನೇ ಡೋಸ್ ಆಗಿ ಮೂರು ತಿಂಗಳಿಗೆ ಫಾಸ್ಟಿಂಗ್, ಊಟದ ಎರಡು ಗಂಟೆಯ ನಂತರದ್ದು ಎರಡೂ ಮಾಡಿಸಿ, ಕಣ್ಣಿನ ಒಳಪರದೆಯನ್ನೂ ಒಮ್ಮೆ ತೋರಿಸಿ.

ಹೋಳಿಗೆ. 25ಕ್ಕೆ ಕೀಮೋ ಆದರೆ 10ನೇ ತಾರೀಖು ಹದಿನಾರನೆಯದೋ ಹದಿನೇಳನೆಯದೋ ದಿನ ಆಗುತ್ತೆ. ಡೆಕ್ಸಾ ಇಲ್ಲ, ಬಾಯಿಹುಣ್ಣು ಆರಿರುತ್ತೆ, ಬಿಳಿ ಕಣಗಳೂ ಸಾಮಾನ್ಯವಾಗಿ ಮೇಲೆ ಬಂದಿರುತ್ತವೆ. ಇಷ್ಟು ಒಳ್ಳೆಯ ಮುಹೂರ್ತ ಪುರೋಹಿತರೂ ಇಟ್ಟುಕೊಡಲ್ಲ. ಮೊದಲು ಪಲ್ಯ, ಕೋಸಂಬರಿ, ಬೇಳೆ ತೊವ್ವೆ ತಿಂದು, ಅನ್ನ ಅರ್ಧ ಮಾಡಿ, ಕೊನೆಗೆ ಅರ್ಧ ಹೋಳಿಗೆ ತುಪ್ಪ ಹಾಕಿಕೊಂಡು ತಿನ್ನಲಿ. ಎರಡು ಗಂಟೆ ಬಿಟ್ಟು ಬಲಗೈ ತೊಳೆಸಿ ಶುಗರ್ ನೋಡಿ, 220 ಬಂದರೂ ಆವತ್ತಿನ ಮಟ್ಟಿಗೆ ಬರೆದಿಟ್ಟುಕೊಂಡು ಸುಮ್ಮನಿರಿ. ಕೋಸಂಬರಿ ಮಾತ್ರ ಮನೆಯಲ್ಲಿ ತೊಳೆದು ಹೆಚ್ಚಿದ್ದೇ ಆಗಲಿ, ಛತ್ರದಲ್ಲಿ ಬೆಳಗ್ಗೆಯಿಂದ ತೆರೆದಿಟ್ಟಿದ್ದು ಬೇಡ.